ಚರಂಡಿಯ ಸ್ಲ್ಯಾಬಿಗೆ ದಿಲ್ಲಿಯ ವಿಳಾಸ

ಮೊನ್ನೆ ಭಾನುವಾರ ಸಂಜೆ ನಮ್ಮ ಮಾರ್ಗದವರೆಲ್ಲ ಒಂದು ಮನೆಯ ಜಗಲಿಯಲ್ಲಿ ಕುಳಿತು ಅರ್ಜಿ ಬರೆದರು. ವಿಷಯ: ಚರಂಡಿಯ ಮೇಲಿನ ಸ್ಲ್ಯಾಬ್ ಒಡೆದಿರುವುದು. ವಿಳಾಸ: ಮಾನ್ಯ ಪ್ರಧಾನಮಂತ್ರಿಗಳು, ಹೊಸದಿಲ್ಲಿ.

ನಾನು ಚಹಾದ ಲೋಟ ಕೆಳಗಿಟ್ಟೆ. ತಮಾಷೆಯೇನೋ ಎಂದು ಎಲ್ಲರ ಮುಖ ನೋಡಿದೆ. ಯಾರೂ ನಗುತ್ತಿರಲಿಲ್ಲ.

ಆ ಸ್ಲ್ಯಾಬ್ ಒಡೆದು ಎರಡು ಮಳೆಗಾಲ ಕಳೆದಿದೆ. ತುಕ್ಕು ಹಿಡಿದ ಎರಡು ಕಬ್ಬಿಣದ ಸರಳುಗಳು ಮೇಲಕ್ಕೆ ಬಾಗಿ ನಿಂತಿವೆ. ಹೊಂಡಕ್ಕೆ ಯಾರೋ ತೆಂಗಿನ ಮಡಲೊಂದನ್ನು ಸಿಕ್ಕಿಸಿ ತುದಿಗೆ ಕೆಂಪು ಬಟ್ಟೆ ಕಟ್ಟಿದ್ದಾರೆ. ಮಡಲು ಒಣಗಿದರೆ ಹೊಸತು ಬರುತ್ತದೆ, ಸ್ಲ್ಯಾಬ್ ಮಾತ್ರ ಬರುವುದಿಲ್ಲ. ಕಳೆದ ವಾರ ಅಂಗನವಾಡಿಗೆ ಹೋಗುವ ಹುಡುಗಿಯ ಸ್ಕೂಟರಿನ ಮುಂದಿನ ಚಕ್ರ ಅದರೊಳಗೆ ಇಳಿಯಿತು. ಹಾಗಾಗಿ ಎಲ್ಲರಿಗೂ ಸಿಟ್ಟು ಬಂದದ್ದು ನ್ಯಾಯವೇ. ಆದರೆ ಸಿಟ್ಟು ಬಂದ ಕೂಡಲೇ ದಿಲ್ಲಿಗೇ ಹೋಗಬೇಕೇ? ಪಂಚಾಯತ್ ಕಚೇರಿ ಅಲ್ಲಿಂದ ಇನ್ನೂರು ಹೆಜ್ಜೆ ದೂರದಲ್ಲಿದೆ!

ಹೇಳಿದೆ. "ಅಲ್ಲಿ ಹೋಗಿ ಎಂತ ಮಾಡುವುದು ಟೀಚರ್? ಮೇಲಿನಿಂದ ಬಂದರೆ ಹೆದರಿಕೆ ಇರುತ್ತದೆ" ಎಂದ ಒಬ್ಬ.

ಮೇಲಿನಿಂದ ಬರುವ ದಾರಿಯನ್ನು ಒಮ್ಮೆ ನೋಡಿ ಮಾರಾಯರೇ. ಅರ್ಜಿ ದಿಲ್ಲಿಗೆ ಹೋಗುತ್ತದೆ. ಇದು ರಾಜ್ಯದ ವಿಷಯ ಎಂದು ಅವರು ಬೆಂಗಳೂರಿಗೆ ಕಳಿಸುತ್ತಾರೆ. ಬೆಂಗಳೂರಿನಿಂದ ಮಣಿಪಾಲದ ಜಿಲ್ಲಾ ಕಚೇರಿಗೆ, ಮಣಿಪಾಲದಿಂದ ತಾಲೂಕಿಗೆ, ತಾಲೂಕಿನಿಂದ ಆ ಇನ್ನೂರು ಹೆಜ್ಜೆ ದೂರದ ಕಚೇರಿಯ ಅದೇ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಮೇಜಿಗೆ. ಸಾವಿರಾರು ಕಿಲೋಮೀಟರ್ ಸುತ್ತಿ ಬಂದ ಕಾಗದಕ್ಕೆ ಅವರು ಬರೆಯುವ ಷರಾ, ನಾವು ನಡೆದುಕೊಂಡು ಹೋಗಿ ಕೊಟ್ಟಿದ್ದರೂ ಬರೆಯುತ್ತಿದ್ದ ಷರಾವೇ.

ಇದಾದ ಮೇಲೆ ಇನ್ನೊಬ್ಬರು ಮೊಬೈಲ್ ತೆರೆದು, ಸಂವಿಧಾನದ ಕರಡು ಬರೆದವರು ನಮ್ಮ ಊರಿನವರೇ ಎಂದು ಓದಿ ಹೇಳಿದರು. ಹೌದು, ಬೆನೆಗಲ್ ನರಸಿಂಗ ರಾವ್ ಹುಟ್ಟಿದ್ದು ಮಂಗಳೂರಿನಲ್ಲಿ, 1887ರಲ್ಲಿ. ಸಂವಿಧಾನ ಸಭೆಯ ಸಲಹೆಗಾರರಾಗಿ ಅವರು ಸಿದ್ಧಪಡಿಸಿದ ಕಚ್ಚಾ ಕರಡನ್ನೇ ಕರಡು ಸಮಿತಿ ಎದುರಿಗಿಟ್ಟುಕೊಂಡದ್ದು. ಅಂಬೇಡ್ಕರ್ ಅವರೇ 1949ರ ನವೆಂಬರ್ 25ರ ಭಾಷಣದಲ್ಲಿ ತಮಗೆ ಸಂದ ಶ್ರೇಯಸ್ಸಿನ ಒಂದು ಪಾಲು ರಾವ್ ಅವರದು ಎಂದು ತುಂಬು ಮನಸ್ಸಿನಿಂದ ಹೇಳಿದರು. ಹೆಮ್ಮೆ ಪಡೋಣ. ಆದರೆ ಆ ಮನುಷ್ಯ ಯಾವುದರ ಕರಡು ಬರೆದರು ಎಂದು ಒಂದು ಪುಟವಾದರೂ ತಿರುವಿ ನೋಡಬಾರದೇ? ಊರಿನವರು ಎಂದು ಫೋಟೊಗೆ ಹಾರ, ಅವರು ದುಡಿದ ಪುಸ್ತಕಕ್ಕೆ ಧೂಳು.

ಯಾರ ಅಧಿಕಾರ ಎಲ್ಲಿಯವರೆಗೆ ಎಂಬ ವಿಷಯದಲ್ಲಿ ನನಗೆ ಗೊತ್ತಿರುವವರ ಪೈಕಿ ಅತಿ ಸ್ಪಷ್ಟವಾಗಿ ಮಾತಾಡುವವರು ನಮ್ಮ ನೆರೆಯವರು. ಮಲ್ಪೆಯಲ್ಲಿ ಮೂವತ್ತು ವರ್ಷ ತಂಡೇಲರಾಗಿ ಮೀನುಗಾರಿಕೆ ದೋಣಿ ನಡೆಸಿದವರು. ಯಾವ ವಿಷಯ ಕೇಂದ್ರಕ್ಕೆ, ಯಾವುದು ರಾಜ್ಯಕ್ಕೆ ಎಂದು ಪಟ್ಟಿ ಮಾಡಿ ಹಂಚುವ ಸಂವಿಧಾನದ ಏಳನೇ ಅನುಸೂಚಿಯ ಹೆಸರೇ ಅವರಿಗೆ ಗೊತ್ತಿಲ್ಲ, ಆದರೆ ಅದರ ಗೆರೆ ಎಲ್ಲಿದೆ ಎಂದು ಗೊತ್ತಿದೆ. ದಡದಿಂದ 12 ನಾಟಿಕಲ್ ಮೈಲಿನವರೆಗೆ ಬೆಂಗಳೂರಿನ ಮಾತು, ಅದರಾಚೆ ದಿಲ್ಲಿಯ ಮಾತು. ಮೀನುಗಾರಿಕೆ ರಾಜ್ಯ ಪಟ್ಟಿಯಲ್ಲಿದೆ, ಆ ಗೆರೆಯಾಚೆಯ ಮೀನುಗಾರಿಕೆ ಕೇಂದ್ರ ಪಟ್ಟಿಯಲ್ಲಿದೆ. ಮಳೆಗಾಲದ 61 ದಿನ ಯಾಂತ್ರೀಕೃತ ದೋಣಿಗಳನ್ನು ದಡಕ್ಕೆ ಕಟ್ಟುತ್ತೇವಲ್ಲ, ಅದಕ್ಕೂ ಎರಡು ಸರ್ಕಾರಗಳ ಎರಡು ಆದೇಶ ಬೇಕು. "ಬಂಗುಡೆಗೆ ಆ ಗೆರೆ ಬೇಡ ಟೀಚರ್, ದಂಡ ಕಟ್ಟುವವನಿಗೆ ಬೇಕು" ಎನ್ನುತ್ತಾರೆ. ಸಮುದ್ರದ ಮಧ್ಯೆ ಯಾರ ಅಧಿಕಾರ ಎಲ್ಲಿ ಮುಗಿಯುತ್ತದೆ ಎಂದು ಇವರಿಗೆ ಗೊತ್ತಾಗುವುದಾದರೆ, ಟಾರು ಹಾಕಿದ ಮಾರ್ಗದಲ್ಲಿ ನಿಂತ ನಮಗೆ ಯಾಕೆ ಗೊತ್ತಾಗುವುದಿಲ್ಲ?

"ಜನರಿಗೆ ಯಾಕೆ ಪಟ್ಟಿ? ತೆರಿಗೆ ಕಟ್ಟುತ್ತೇವೆ, ಯಾರಾದರೂ ಮಾಡಲಿ" ಎಂದು ಕೆಲವರು ವಾದಿಸುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಯಾರಾದರೂ ಮಾಡಲಿ ಎಂದ ಕೆಲಸವನ್ನು ಯಾರೂ ಮಾಡುವುದಿಲ್ಲ. ನಮಗೆ ಗೊತ್ತಿಲ್ಲ ಎಂದು ಗೊತ್ತಾದ ಕ್ಷಣದಿಂದ ಪ್ರತಿ ಕಿಟಕಿಯಲ್ಲೂ "ಅದು ನಮಗೆ ಬರುವುದಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದಕ್ಕಿಂತ ಹೆಚ್ಚು ಉತ್ತರ ಈ ವಾದಕ್ಕೆ ಬೇಕಿಲ್ಲ.

ತೂಕವಿರುವ ಇನ್ನೊಂದು ಆಕ್ಷೇಪವಿದೆ. ಹಳ್ಳಿಯ ಕೈಗೆ ಅಧಿಕಾರ ಕೊಡುವುದನ್ನು ಅಂಬೇಡ್ಕರ್ ಅವರೇ ಒಪ್ಪಿರಲಿಲ್ಲ. 1948ರಲ್ಲಿ ಕರಡು ಮಂಡಿಸುವಾಗ ಹಳ್ಳಿಯೆಂದರೆ ಸಂಕುಚಿತತೆಯ, ಅಜ್ಞಾನದ ಗುಹೆ ಎಂಬ ಅರ್ಥದಲ್ಲಿ ಖಾರವಾಗಿ ಮಾತಾಡಿದ್ದರು. ಜಾತಿಯ ಬಿಸಿ ತಾಗಿದವರ ಮಾತು ಅದು, ಸುಳ್ಳೆನ್ನಲು ನನಗೆ ಬಾಯಿಲ್ಲ. ಪಂಚಾಯತ್‌ಗೆ ಆಗ ಸಿಕ್ಕಿದ್ದು 40ನೇ ವಿಧಿಯಲ್ಲಿ ಒಂದು ವಾಕ್ಯ. ಆದರೆ 1992ರ 73ನೇ ತಿದ್ದುಪಡಿ ಮೀಸಲಾತಿಯನ್ನೂ ಐದು ವರ್ಷದ ಅವಧಿಯನ್ನೂ ಕಡ್ಡಾಯ ಮಾಡಿ ಆ ಭಯಕ್ಕೆ ಅಷ್ಟಿಷ್ಟು ಉತ್ತರ ಕೊಟ್ಟಿತಲ್ಲ. 29 ವಿಷಯಗಳ ಹನ್ನೊಂದನೇ ಅನುಸೂಚಿ ಬಂತು: ಮಾರ್ಗ, ಮೋರಿ, ಕುಡಿಯುವ ನೀರು, ಹಳ್ಳಿಯ ವಿದ್ಯುತ್ತು.

ನನ್ನ ರಕ್ತ ಕುದಿಯುವುದು ಅದರ ಮುಂದಿನದಕ್ಕೆ. ಈ ಅಧಿಕಾರಗಳನ್ನು ರಾಜ್ಯ ಶಾಸಕಾಂಗವು ಪಂಚಾಯತ್‌ಗಳಿಗೆ "ಕೊಡಬಹುದು" ಎನ್ನುತ್ತದೆ 243ಜಿ ವಿಧಿ. ಕೊಡಬೇಕು ಎನ್ನುವುದಿಲ್ಲ. ಆ ಒಂದು "ಬಹುದು" ಇದೆಯಲ್ಲ, ನಮ್ಮ ಸ್ಲ್ಯಾಬಿನ ಹೊಂಡಕ್ಕಿಂತ ದೊಡ್ಡ ಹೊಂಡ ಅದು. ದಿಲ್ಲಿ ನಮ್ಮ ಹಕ್ಕು ಕಸಿಯಿತು ಎಂದು ಬೆಂಗಳೂರಿನವರು ವಿಧಾನಸೌಧದಲ್ಲಿ ಗುಡುಗುತ್ತಾರೆ. 1976ರ 42ನೇ ತಿದ್ದುಪಡಿಯಲ್ಲಿ ಶಿಕ್ಷಣ, ಅರಣ್ಯ ಸೇರಿ ಐದು ವಿಷಯಗಳು ರಾಜ್ಯ ಪಟ್ಟಿಯಿಂದ, ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಜಾರಿದವು, ನಿಜ. ಗುಡುಗಲಿ. ಆದರೆ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲೂಕು ಪಂಚಾಯತ್‌ಗಳಿಗೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸದಿದ್ದವರು ಯಾರು? ಪಕ್ಷ ಬದಲಾಯಿತು, ಖುರ್ಚಿ ಬದಲಾಯಿತು, ಚುನಾವಣೆ ಮಾತ್ರ ಬರಲಿಲ್ಲ. ಅತ್ತೆ ಕಾಡಿದಳೆಂದು ಅಳುವ ಸೊಸೆ ತಾನು ಅತ್ತೆಯಾದಾಗ ಮಾಡುವುದೂ ಇದನ್ನೇ. ಕೇಳುವವರು ಯಾರು? ನಾವು ದಿಲ್ಲಿಗೆ ಅರ್ಜಿ ಬರೆಯುವುದರಲ್ಲಿ ಮುಳುಗಿದ್ದೇವೆ.

ಇನ್ನು ಒಂದು ವಿಷಯ, ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದ್ದು. "ಮೇಲಿನಿಂದ ಬಂದರೆ ಹೆದರಿಕೆ ಇರುತ್ತದೆ" ಎಂದನಲ್ಲ, ಅವನು ನನ್ನ ವಿದ್ಯಾರ್ಥಿ. ಹತ್ತನೆಯಲ್ಲಿ ಸಮಾಜ ವಿಜ್ಞಾನದಲ್ಲಿ ತರಗತಿಗೇ ಮೊದಲು. ಮೂಲ ಸಂವಿಧಾನದಲ್ಲಿ ಕೇಂದ್ರ ಪಟ್ಟಿಗೆ 97 ವಿಷಯ, ರಾಜ್ಯ ಪಟ್ಟಿಗೆ 66, ಸಮವರ್ತಿ ಪಟ್ಟಿಗೆ 47 ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಹೇಳಿಸಿದವಳು ನಾನೇ. ಮೂರು ದಶಕ ಇದನ್ನು ಬೋರ್ಡಿನ ಮೇಲೆ ಬರೆದೆ, ಶಾಲೆಯ ಹಿಂದೆಯೇ ಇದ್ದ ಪಂಚಾಯತ್ ಕಚೇರಿಗೆ ಒಂದು ದಿನವೂ ಮಕ್ಕಳನ್ನು ಕರೆದುಕೊಂಡು ಹೋಗಲಿಲ್ಲ. ಪಾಠ ಮುಗಿಸುವ ಅವಸರ, ಪರೀಕ್ಷೆಯ ಅವಸರ. ಅವನಿಗೆ ಸಂಖ್ಯೆ ಉಳಿಯಿತು, ಬಾಗಿಲು ಗೊತ್ತಾಗಲಿಲ್ಲ.

ನಿನ್ನೆ ಬೆಳಿಗ್ಗೆ ಕೊಡೆ ಹಿಡಿದುಕೊಂಡು ಆ ಬಾಗಿಲಿಗೆ ನಾನೇ ಹೋದೆ. ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಕೇಳಿದೆ. ಪಿಡಿಒ ಮೊಹರು ಒತ್ತುತ್ತ, "ಟೀಚರ್, ನಿಮ್ಮನ್ನು ಗ್ರಾಮಸಭೆಯಲ್ಲಿ ಒಮ್ಮೆಯೂ ನೋಡಿದ ನೆನಪಿಲ್ಲವಲ್ಲ?" ಎಂದರು. ಮೆಲ್ಲಗೆ, ಮರ್ಯಾದೆಯಿಂದಲೇ ಕೇಳಿದರು. ಅದೇ ಹೆಚ್ಚು ಚುಚ್ಚಿತು. ಮೊಣಕಾಲು ನೋವು ಎಂದೆ. ಸುಳ್ಳು. ಜಾತ್ರೆಗೆ ಹೋಗುವಾಗ ಆ ಮೊಣಕಾಲು ನೋಯುವುದಿಲ್ಲ.

ಮುಂದಿನ ಗ್ರಾಮಸಭೆ ಬರುವ ಮಂಗಳವಾರ ಹತ್ತೂವರೆಗೆ, ಶಾಲೆಯ ಸಭಾಂಗಣದಲ್ಲಿ. ನಾನು ಹೋಗುತ್ತೇನೆ. ದಿಲ್ಲಿಗೆ ಬರೆದವರೂ ಬರಬಹುದು. ನಡೆದುಕೊಂಡು ಬರುವವರು ಬಲಬದಿಯಲ್ಲಿ ಬನ್ನಿ, ಎಡಬದಿಯ ಮಡಲು ನಿನ್ನೆಯ ಗಾಳಿಗೆ ಬಿದ್ದಿದೆ.