ಟ್ಯಾಪೆಟ್ಟೂ ಅಜ್ಜನ ಕುಟ್ಟಾಣಿಯೂ

ಶಿರಸಿ ಪೇಟೆಯ ಗ್ಯಾರೇಜಿನವ ನನ್ನ ಬೈಕಿನ ಸದ್ದು ಕೇಳಿ, "ಟ್ಯಾಪೆಟ್ ಲೂಸಾಗಿದೆ, ನಾಳೆ ತನ್ನಿ" ಎಂದ. ಟ್ಯಾಪೆಟ್ ಅಂದರೆ ಎಂಜಿನ್ನಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ಬಾಗಿಲುಗಳನ್ನು, ಅಂದರೆ ವಾಲ್ವುಗಳನ್ನು ಒತ್ತುವ ಸ್ಕ್ರೂ. ಮೂರು ದಿನ ಹೋದೆ, ಮೂರು ದಿನವೂ ನಾಳೆಯೇ. ಎರಡು ಸ್ಕ್ರೂ ತಿರುಗಿಸೋಕೆ ಇಷ್ಟೆಲ್ಲ ಯಾಕೆ ಅಂತ ಸಂದು ಅಳೆಯುವ ತೆಳು ಲೋಹದ ಎಲೆಗಳ ಒಂದು ಫೀಲರ್ ಗೇಜ್ ಕೊಂಡು ಮನೆಗೆ ಬಂದೆ.

ನನ್ನ ಗಾಡಿಯ ಪುಸ್ತಕದ ಪ್ರಕಾರ ಇನ್‌ಲೆಟ್ ವಾಲ್ವಿಗೆ 0.08, ಎಕ್ಸಾಸ್ಟಿಗೆ 0.12 ಮಿಲಿಮೀಟರ್ ಸಂದು ಇರಬೇಕು. ಹೆಚ್ಚುಕಮ್ಮಿ ತಲೆಗೂದಲಿನ ಲೆಕ್ಕ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಬಿಸಿಯಾದರೆ ಲೋಹ ಹಿಗ್ಗಿ ಅಳತೆ ತಪ್ಪುತ್ತದೆ. ಹಾಗಾಗಿ ಬೆಳಗ್ಗೆ ಎದ್ದವನೇ ಅಂಗಳಕ್ಕಿಳಿದೆ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ತಣ್ಣಗಿರುವುದು ಎಂಜಿನ್ ಒಂದೇ.

ಎಡಗಡೆಯ ಮುಚ್ಚಳ ಬಿಚ್ಚಿ, ಪಿಸ್ಟನ್ನನ್ನು ಮೇಲೆ ಕೆಳಗೆ ಆಡಿಸುವ ಕ್ರ್ಯಾಂಕ್ ತಿರುಗಿಸಿದೆ. ಕಿಂಡಿಯಲ್ಲಿ, ಪಿಸ್ಟನ್ ಪೂರ್ತಿ ಮೇಲೆ ಬಂದಿದೆ ಎನ್ನುವ 'ಟಿ' ಗುರುತು ಬಂತು. ಆದರೆ ಗೇಜಿನ ಅತಿ ತೆಳು ಎಲೆಯೂ ಒಳಗೆ ಹೋಗಲಿಲ್ಲ. ಇಷ್ಟು ಬಿಗಿ ಇರೋದನ್ನ ಲೂಸು ಅಂದನಲ್ಲ ಪುಣ್ಯಾತ್ಮ! ಅವನನ್ನು ಬೈಯುತ್ತ ಎರಡೂ ಸ್ಕ್ರೂ ಸಡಿಲಿಸಿದೆ. ಲಾಕ್ ನಟ್ ಬಿಗಿ ಮಾಡಿದರೆ ಸ್ಕ್ರೂನೂ ಜೊತೆಗೇ ತಿರುಗುತ್ತದೆ. ಒಂದು ಕೈಯಲ್ಲಿ ಸ್ಕ್ರೂ, ಇನ್ನೊಂದರಲ್ಲಿ ಪಾನಾ, ಗೇಜು ಹಿಡಿಯೋಕೆ ಮೂರನೇ ಕೈ ಬೇಕು. ಆಯಿಯನ್ನು ಕರೆದೆ. "ದೋಸೆ ಸೀದು ಹೋಗ್ತು ತಮಾ" ಎಂದು ಬರಲೇ ಇಲ್ಲ.

ಹೇಗೋ ಮುಗಿಸಿ ಸ್ಟಾರ್ಟ್ ಮಾಡಿದೆ. ಟಕಟಕ ಟಕಟಕ! ಮೊದಲಿಗಿಂತ ಜಾಸ್ತಿ. ಒಳಗಿಂದ ಅಜ್ಜ ಕೂಗಿದ, "ಯಾರದು ನನ್ನ ಕುಟ್ಟಾಣಿ ಮುಟ್ಟಿದ್ದು?" ಅಜ್ಜನಿಗೆ ಹಲ್ಲಿಲ್ಲ, ಕಣ್ಣೂ ಮಂಜು. ಕವಳವನ್ನು ಕುಟ್ಟಿಯೇ ಬಾಯಿಗೆ ಹಾಕುವುದು.

ಮತ್ತೆ ಪುಸ್ತಕ ತೆಗೆದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬರುವುದು ಎರಡು ಸಲ. ಒಂದು ಸಲ ಗಾಳಿ, ಪೆಟ್ರೋಲು ಒತ್ತಿಕೊಂಡು ಬರುತ್ತದೆ. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ. ಇನ್ನೊಂದು ಸಲ ಹೊಗೆ ದಬ್ಬಿಕೊಂಡು ಬರುತ್ತದೆ. ಆಗ ಎರಡೂ ಚೂರು ತೆರೆದಿರುತ್ತವೆ, ಸಂದು ಎಲ್ಲಿಂದ ಬರಬೇಕು? ದರಿದ್ರದ 'ಟಿ' ಮಾತ್ರ ಎರಡು ಸಲವೂ ನಗುತ್ತ ಕಿಂಡಿಗೆ ಬರುತ್ತದೆ. ನಾನು ಹಿಡಿದದ್ದು ಹೊಗೆಯ ಸರದಿ.

ಎರಡು ನಿಮಿಷ ಸ್ಟಾರ್ಟ್ ಮಾಡಿದ ತಪ್ಪಿಗೆ ಎಂಜಿನ್ ಆರಲಿ ಅಂತ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಈ ಸಲ ಬಿಚ್ಚಿದ್ದನ್ನೆಲ್ಲ ಕಳೆಯದ ಹಾಗೆ ಜಗಲಿಯಲ್ಲಿ ಕೈಗೆ ಸಿಕ್ಕ ಬಟ್ಟಲಿಗೆ ಹಾಕಿದೆ. ಕ್ರ್ಯಾಂಕನ್ನು ಇನ್ನೊಂದು ಸುತ್ತು ತಿರುಗಿಸಿದೆ. ಟ್ಯಾಪೆಟ್ ಸ್ಕ್ರೂ ಕೂತಿರುವ ತೋಳು, ಅಂದರೆ ರಾಕರ್, ಬೆರಳಿಗೆ ಕಟಕಟ ಅಲುಗಿತು. ಹೊಸ ನೋಟಿನ ಕಟ್ಟಿನಿಂದ ಒಂದು ನೋಟು ಎಳೆದ ಹಾಗೆ ಗೇಜು ಚೂರು ಹಿಡಿದು ಹಿಡಿದು ಹೊರಬಂತು.

ಸದ್ದು ನಿಂತೇ ಹೋಯಿತು. ಪೇಟೆಗೆ ಹೋಗಿ ಅದೇ ಗ್ಯಾರೇಜಿನ ಮುಂದೆ ಸುಮ್ನೆ ಎರಡು ಸಲ ಓಡಾಡಿದೆ. ಅವ ತಲೆ ಎತ್ತಲಿಲ್ಲ, ಅದು ಬೇರೆ ವಿಷಯ. ಮನೆಗೆ ಬಂದು ಇಳಿದಾಗ ಪ್ಯಾಂಟಿನ ಮೊಣಕಾಲೆಲ್ಲ ಎಣ್ಣೆ. ಟ್ಯಾಪೆಟ್ ಮುಚ್ಚಳದ ಸುತ್ತ ಆಯಿಲ್ ಜಿನುಗುತ್ತಿತ್ತು. ಒಳಗೆ ರಬ್ಬರ್ ರಿಂಗೇ ಇರಲಿಲ್ಲ!

ಜಗಲಿಯಲ್ಲಿ ಅಜ್ಜ ಕವಳದ ಬಟ್ಟಲು ಎದುರಿಗಿಟ್ಟುಕೊಂಡು ಒಂದೇ ಸಮ ಕುಟ್ಟುತ್ತಿದ್ದ. ನನ್ನನ್ನು ನೋಡಿ ಕೈ ನಿಲ್ಲಿಸಿದ.

"ಈ ಸಲದ ತಂಬಾಕು ಎಂತದಾ ತಮಾ? ಎಷ್ಟು ಕುಟ್ಟಿದ್ರೂ ನುರಿತಿಲ್ಲೆ."