ಎಂಬಿ ಬುಕ್ಕಿನಾಗ ವಾಸನಿ ಬರಂಗಿಲ್ರಿ

ನಮ್ಮ ನಗರಸಭೆ ಅಜೆಂಡಾದಾಗ ಪ್ರತಿ ವರ್ಷ ಒಂದು ವಿಷಯ ತಪ್ಪದೇ ಬರ್ತದ, "ಕೆರೆಯಲ್ಲಿನ ಜಲಕಳೆ ತೆಗೆಯುವ ಬಗ್ಗೆ". ಊರ ಹೆಸರು ಹೇಳಂಗಿಲ್ಲ, ಕಲಬುರಗಿ ಜಿಲ್ಲಾದಾಗ ಕೆರಿ ದಂಡಿಗಿರೋ ಒಂದು ಊರು ಅಂತ ತಿಳ್ಕೋರಿ ಸಾಕು. ಹೆಸರು ಬರದ್ರ ನಮ್ಮ ಮನಿ ಇ-ಖಾತಾ ಫೈಲು ಮತ್ತ ಮ್ಯಾಲಿನ ಕಪಾಟಿಗೆ ಹೋಗ್ತದ, ಈಗಷ್ಟೇ ಟೇಬಲ್ ತನಕ ಇಳಿದದ.

ಜಲಕಳಿ ಅಂದ್ರ ಆ ನೇರಳಿ ಹೂವಿನ ಅಂತರಗಂಗಿ. ದಕ್ಷಿಣ ಅಮೆರಿಕಾದ ಗಿಡ, ಹೂ ಚಂದ ಅದ ಅಂತ ಯಾರೋ ದೇಶಕ್ಕ ತಂದ್ರು, ಈಗ ನಮ್ಮ ಕೆರ್ಯಾಗ ಕಾಯಂ ರಹವಾಸಿ, ರೇಷನ್ ಕಾರ್ಡ್ ಒಂದು ಮಾಡಿಸ್ಕೊಂಡಿಲ್ಲ ಅಷ್ಟೇ. ಹೊಟ್ಟಿಗೆ ಸರಿಯಾಗಿ ಸಿಕ್ರ ಎರಡು ವಾರದಾಗ ಡಬಲ್ ಆಗ್ತದ, ಬೀಜ ಕೆಸರಿನಾಗ ವರ್ಷಗಟ್ಟಲೆ ಸಾಯದೇ ಬಿದ್ದಿರ್ತದ. ಹೊಟ್ಟಿಗೆ ಹಾಕೋರು ನಾವೇ. ಊರಿನ ಬಚ್ಚಲ ನೀರು, ಸಂಡಾಸ ನೀರು ಎಲ್ಲಾ ಎರಡು ನಾಲಾದಾಗ ಕೂಡಿ ಸೀದಾ ಕೆರಿಗಿ ಬರ್ತದ, ಅದರಾಗಿನ ನೈಟ್ರೋಜನ್, ಫಾಸ್ಫರಸ್ ತಿಂದು ಕಳಿ ದಪ್ಪ ಆಗ್ತದ. ನಾಲಾ ಬಂದ್ ಮಾಡಿದ್ರ ಕಳಿ ತಾನೇ ಸೊರಗ್ತದ ಅಂತ ಹೈಸ್ಕೂಲ್ ಹುಡುಗ್ರಿಗೂ ಗೊತ್ತದ, ಆದ್ರ ನಾಲಾ ಬಂದ್ ಮಾಡಿದ್ರ ಮುಂದಿನ ವರ್ಷ ಟೆಂಡರ್ ಯಾವುದಕ್ಕ ಕರೀಬೇಕು ಹೇಳ್ರಿ.

ಹಂಗಾಗಿ ಪ್ರತಿ ಬ್ಯಾಸಗಿಗಿ ಹಿಟಾಚಿ ಬರ್ತದ. ಕಳಿ ಎತ್ತಿ ದಂಡಿ ಮ್ಯಾಲೇ ಗುಡ್ಡಿ ಹಾಕ್ತದ, ಗುತ್ತೇದಾರ ಗುಡ್ಡಿ ಮುಂದ ನಿಂತು ಫೋಟೋ ಹೊಡಿಸ್ಕೊಂತಾನ, ಇಂಜಿನಿಯರ್ ಸಾಹೇಬ್ರು ಟೇಪ್ ಹಿಡಿದು ಉದ್ದ ಅಗಲ ಅಳದು ಎಂಬಿ ಬುಕ್ಕಿನಾಗ, ಅಂದ್ರ ಕೆಲಸದ ಅಳತಿ ಪುಸ್ತಕದಾಗ, ಬರೀತಾರ, ಬಿಲ್ ಆಗ್ತದ. ಗುಡ್ಡಿ ಅಲ್ಲೇ ಇರ್ತದ. ಮಿರಗಾ ಮಳಿ ಹೊಡೀತಂದ್ರ ಅರ್ಧ ಗುಡ್ಡಿ ಜಾರಿ ತನ್ನ ತವರಮನಿಗಿ ವಾಪಸ್. ನಾ ಒಮ್ಮೆ ಕೇಳೇಬಿಟ್ಟೆ, ಸಾಹೇಬ್ರ ಇದು ತೆಗದಂಗೋ ಸರಿಸಿದಂಗೋ ಅಂತ. "ಎಸ್ಟಿಮೇಟಿನಾಗ ತೆಗೆಯುವುದು ಅಂತದರಿ, ಸಾಗಿಸುವುದು ಅಂತಿಲ್ಲ" ಅಂದ್ರು. ಖರೇ ಮಾತು, ಕಾಗದದಾಗ ಇಲ್ಲದ್ದು ಹ್ಯಾಂಗ ಮಾಡ್ತಾರ ಪಾಪ.

ಸದಸ್ಯರ ಮ್ಯಾಲ ಪೂರಾ ತಪ್ಪು ಹಾಕ್ಲಾಕ ಬರಂಗಿಲ್ಲ ಮತ್ತ. 2018ರ ಆಗಸ್ಟ್ ಕೊನಿಗಿ ಓಟು ಬಿದ್ದು ಸೆಪ್ಟೆಂಬರ್‌ನಾಗ ಆರಿಸಿ ಬಂದೋರು, ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟ್ ಹತ್ತಿ 2020ರ ಕೊನಿ ತನಕ ರಾಜ್ಯದಾಗ ಭಾಳ ಊರಿಗಿ ಅಧ್ಯಕ್ಷರೇ ಇದ್ದಿಲ್ಲ. ಅಧ್ಯಕ್ಷರ ಮೊದಲಿನ ಪಾಳಿ 30 ತಿಂಗಳು ಮುಗಿದ ಮ್ಯಾಲ ಎರಡನೇ ಪಾಳಿ ಪಟ್ಟಿ ಬರೋದ್ರಾಗ 2024ರ ಆಗಸ್ಟ್ ಆತು. ಗೆದ್ದೋರು ಗೆದ್ದು ಮನ್ಯಾಗ ಕುಂತಾರ, ಹಾರ ಒಣಗ್ಯಾವ, ವಾರ್ಡಿನೋರು ಬಂದು ಗಟಾರ ತುಂಬ್ಯಾದ ಅಂದ್ರ "ನನಗಿನ್ನಾ ಅಧಿಕಾರ ಬಂದಿಲ್ಲೋ ತಮ್ಮಾ" ಅಂತಿದ್ರು. ಕಳಿಗಿ ಮೀಸಲಾತಿ ಪಟ್ಟಿ ಬೇಕಿಲ್ಲಲ, ಅದು ತನ್ನ ಪಾಡಿಗಿ ಬೆಳೀತು.

ಕಡೀಗೆ ಅಧ್ಯಕ್ಷರು ಸಿಕ್ರು, ಸಭಾ ಕೂಡ್ತು, ನಾವು ಕೆರಿ ಓಣಿಯೋರು ಹಿಂದಿನ ಕುರ್ಚಿ ಮ್ಯಾಲ ಕುಂತು ನೋಡಿದ್ವಿ. ಅದರ ಮೊದಲೇ ಒಂದಿಷ್ಟು ಸದಸ್ಯರು ಕಲಬುರಗಿಗಿ ಹೋಗಿ ಅಪ್ಪನ ಕೆರಿ ಗಾರ್ಡನ್ ನೋಡ್ಕೊಂಡು, ಶರಣಬಸವೇಶ್ವರ ಗುಡಿಗಿ ಕಾಯಿ ಒಡಿಸ್ಕೊಂಡು ಬಂದಿದ್ರು. ಬಂದೋರ ತಲ್ಯಾಗ ಗಾರ್ಡನ್ ಒಂದೇ. ಟೈಲ್ಸ್ ಬೇಕು, ಬಣ್ಣದ ಲೈಟ್ ಬೇಕು, ಸೆಲ್ಫಿ ಪಾಯಿಂಟ್ ಬೇಕು, ಬೋಟಿಂಗ್ ಬೇಕು. ಬೋಟ್ ಕಳ್ಯಾಗ ಹ್ಯಾಂಗ ಹೋಗ್ತದರಿ ಅಂತ ಒಬ್ಬ ಹಿರಿಯ ಸದಸ್ಯ ಕೇಳಿದ. "ನಿಂತ ಬೋಟಿನಾಗೇ ಫೋಟೋ ಹೊಡ್ಕೊಂತಾರ ಬಿಡ್ರಿ" ಅಂತ ಉತ್ತರ ಬಂತು, ಪಾಸ್. ಸ್ವಾಗತ ಕಮಾನಿಗಿ ಯಾರ ಹೆಸರು ಇಡಬೇಕು ಅಂತ ಮಧ್ಯಾಹ್ನದ ಊಟದ ತನಕ ಜಗಳ ಆತು, ಅದರ ವರ್ಣನಾ ಬ್ಯಾಡ, ಕುರ್ಚಿ ಎರಡು ಮುರದ್ವು.

ಊಟ ಆದ ಮ್ಯಾಲ ನಮ್ಮ ಓಣಿ ರಿಟೈರ್ಡ್ ಮಾಸ್ತರ್ರು ಎದ್ದು ಸಾವಕಾಶ ಹೇಳಿದ್ರು, ನೋಡ್ರಿ, ನೀರು ಸ್ನಾನಕ್ಕ ಲಾಯಕ್ ಅನ್ನಬೇಕಾದ್ರ ಬಿಓಡಿ, ಅಂದ್ರ ನೀರಾಗಿನ ಹೊಲಸು ಕೊಳೀಲಾಕ ಬೇಕಾಗೋ ಆಕ್ಸಿಜನ್ನಿನ ಅಳತಿ, ಲೀಟರಿಗಿ 3 ಮಿಲಿಗ್ರಾಂ ದಾಟಬಾರದು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳ್ತದ, ನಮ್ಮ ಕೆರಿದು ಎಷ್ಟದ ಒಮ್ಮೆ ಟೆಸ್ಟರ ಮಾಡಿಸ್ರಿ. ಸಭಾ ಗಪ್. ಒಬ್ಬ ಸದಸ್ಯ ಬಾಜುದವನ ಕಿವ್ಯಾಗ ಕೇಳಿದ್ದು ಮೈಕಿನಾಗ ಬಂತು: "ಬಿಓಡಿ ಯಾವ ವಾರ್ಡಿಂದು?"

ಆಮ್ಯಾಲ ಕೆರಿ ಯಾರದು ಅನ್ನೋ ಪ್ರಶ್ನಿ ಬಂತು. ಇದು ಕೇಳಬೇಕು ನೀವು. 40 ಹೆಕ್ಟೇರ್‌ಕಿಂತ ಹೆಚ್ಚು ಅಚ್ಚುಕಟ್ಟು, ಅಂದ್ರ ನೀರು ಉಣ್ಣೋ ಹೊಲ, ಇದ್ದ ಕೆರಿ ಸಣ್ಣ ನೀರಾವರಿ ಇಲಾಖಿದು, ಹಂಗಾಗಿ ನೀರು ಅವರದು. ಮೀನು ಮೀನುಗಾರಿಕಿ ಇಲಾಖಿದು. ಏರಿ ಮ್ಯಾಲ ಡಾಂಬರ್ ರೋಡ್ ಅದ, ಅದು ಪಿಡಬ್ಲ್ಯೂಡಿದು. ಕೆರಿ ಅಂಚಿಂದ ಇಂತಿಷ್ಟು ದೂರದ ಒಳಗ ಏನೂ ಕಟ್ಟಬಾರದು ಅಂತ ರೂಲ್ ಅದ, ಆ ಜಾಗದಾಗ ಕಟ್ಟಿಸಿದ ಮನಿಗಳು ಯಾರಾರದೋ, ಅವರಾಗ ಇಬ್ಬರು ಸಭಾದಾಗೇ ಕುಂತಿದ್ರು, ಅದಕ್ಕ ಆ ಮಾತು ಮುಂದ ಹೋಗಲಿಲ್ಲ. ಕಳಿ ನಗರಸಭಾದ್ದು. ವಾಸನಿ? ವಾಸನಿಗಿ ಇಲಾಖಿ ಇಲ್ಲ. ನಾವು ಕೊಟ್ಟ ಅರ್ಜಿಗಿ ಬಂದ ಹಿಂಬರಹ ಇನ್ನಾ ನನ್ನ ಹತ್ರ ಅದ, "ಸದರಿ ವಾಸನೆಯು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ತಮ್ಮ ಅರ್ಜಿಯನ್ನು ವಿಲೇಗೊಳಿಸಲಾಗಿದೆ". ವ್ಯಾಪ್ತಿಗಿ ಬರದ ವಾಸನಿ ಆ ಕಚೇರಿ ಕಿಡಕಿ ಒಳಗ ಬರ್ತದ, ಅದಕ್ಕ ಕಿಡಕಿ ಮುಚ್ಚಿ ಎಸಿ ಹಾಕ್ಯಾರ, ಎಸಿ ಬಿಲ್ಲು ನಮ್ಮ ಮನಿ ಟ್ಯಾಕ್ಸಿನಾಗ.

ಬೀದರಿನ ನೌಬಾದ್ ಕಡಿ ಹೋದ್ರ ಕರೇಜ್ ನೋಡ್ರಿ ಒಮ್ಮೆ, ಬಹಮನಿ ಕಾಲದೋರು ಕೆಂಪು ಕಲ್ಲು ಕೊರದು ನೆಲದೊಳಗ ಸುರಂಗ ಮಾಡಿ ನೀರು ತಂದಿದ್ರು, ನಡುನಡುವ ಬಾವಿ ಬಿಟ್ಟಿದ್ರು, ಶತಮಾನ ಕಳದ್ರೂ ಕಲ್ಲಾಗ ಅದರ ಗುರುತದ. ನಮ್ಮೋರಿಗಿ ಮ್ಯಾಲ ಕಾಣೋ ನಾಲಾ ಹೊಳ್ಳಿಸ್ಲಾಕ ಆಗವಲ್ದು.

ಕೊನಿಗಿ ನಮ್ಮ ಓಣಿ ಹೆಣ್ಮಕ್ಕಳು ಎದ್ರು. ಗಟಾರದ ನೀರು ಕೊಳತ್ರ ಹೈಡ್ರೋಜನ್ ಸಲ್ಫೈಡ್ ಗ್ಯಾಸ್ ಬರ್ತದ, ಕೊಳತ ತತ್ತಿ ವಾಸನಿ ಅದರದೇ, ಅದು ಹತ್ತಿದ್ರ ಬೆಳ್ಳಿ ಕರ್ರಗಾಗ್ತದ. ಒಬ್ಬ ಅವ್ವ ಸೆರಗಿನಾಗಿನ ಗಂಟು ಬಿಚ್ಚಿ ಕಾಲ್ಚೈನು, ಕುಂಕುಮ ಭರಣಿ, ಮೊಮ್ಮಗನ ಉಡದಾರ ಎಲ್ಲಾ ಇಂಜಿನಿಯರ್ ಮುಂದ ಟೇಬಲ್ ಮ್ಯಾಲ ಸುರದ್ಳು. ಕಬ್ಬಿಣದ್ದೋ ಬೆಳ್ಳಿದೋ ಗುರ್ತ ಹತ್ತಂಗಿಲ್ಲ ಹಂಗ ಆಗಿದ್ವು. "ಸಾಹೇಬ್ರ, ವಾಸನಿ ಅಳೀಲಾಕ ಬರಂಗಿಲ್ಲ ಅಂತೀರಲ್ಲ, ತಗೋರಿ, ಇದು ಅಳೀರಿ" ಅಂದ್ಳು. ಸಾಹೇಬ್ರು ಕಾಲ್ಚೈನು ಎತ್ತಿ ಹೊಳ್ಳಿಸಿ ನೋಡಿದ್ರು, ಬೆರಳು ಒರಸ್ಕೊಂಡ್ರು, "ಬಂಗಾರದಂಗಡ್ಯಾಗ ತೋರಿಸ್ರಿ ಅವ್ವಾರ" ಅಂದ್ರು.

ಅಧ್ಯಕ್ಷರಿಗಿ ಮಾತ್ರ ಮನಸ್ಸು ಕರಗ್ತು ಅನ್ರಿ. ಅಲ್ಲೇ ಠರಾವು ಪಾಸ್ ಮಾಡಿಸಿದ್ರು: ಕೆರಿ ಓಣಿ ಜನರ ಅನುಕೂಲಕ್ಕ ಒಂದು ದಿನದ ಬೆಳ್ಳಿ ತೊಳೆಯುವ ಶಿಬಿರ, ಉದ್ಘಾಟನಾ, ಹಾರ, ಶಾಮಿಯಾನ, ಮೈಕ್, ಚಾ ಸಮೇತ. ಶಿಬಿರ ಆತು, ಬೆಳ್ಳಿ ತೊಳೆಯೋನು ಬರಲಿಲ್ಲ. ಶಾಮಿಯಾನದ ಬಿಲ್ಲು ಆ ತಿಂಗಳೇ ಪಾಸಾತು, ಅದು ಚದರ ಅಡಿ ಲೆಕ್ಕದಾಗಿತ್ತು.