ಎರಡಕ್ಕೂ ಒಂದೇ ರಾ.ಹೆ.

ಕನ್ನಡದಲ್ಲಿ ರಾಜ್ಯ ಹೆದ್ದಾರಿಯನ್ನು ಚುಟುಕಾಗಿ ಬರೆದರೆ ರಾ.ಹೆ. ರಾಷ್ಟ್ರೀಯ ಹೆದ್ದಾರಿಯನ್ನು ಬರೆದರೂ ರಾ.ಹೆ. ಹೀಗಾಗಿ ರಸ್ತೆಗೆ ಬಡ್ತಿ ಸಿಕ್ಕಾಗ ಪೇಂಟರ್‌ಗೆ ಹೆಚ್ಚು ಕೆಲಸವಿಲ್ಲ. ಕಿಲೋಮೀಟರ್ ಕಲ್ಲಿನ ಹಸಿರು ತಲೆಗೆ ಹಳದಿ ಬಳಿದರೆ ಮುಗಿಯಿತು. ರಾಜ್ಯದ ಕಲ್ಲಿಗೆ ಹಸಿರು ಟೋಪಿ, ರಾಷ್ಟ್ರೀಯದ್ದಕ್ಕೆ ಹಳದಿ, ಗ್ರಾಮ ಸಡಕ್ ಯೋಜನೆಯದ್ದಕ್ಕೆ ಕಿತ್ತಳೆ. ಟೋಪಿ ಬದಲಿಸಿದರೆ ಅನುದಾನ ಹರಿದುಬರುತ್ತದೆ ಎಂಬ ನಂಬಿಕೆ ಶಾಸಕರಿಗಷ್ಟೇ ಅಲ್ಲ, ಕಲ್ಲಿಗೂ ಇದೆ. ಟೋಪಿ ಹಾಕಿಸಿಕೊಳ್ಳುವವರು ಮಾತ್ರ ಬಸ್‌ಸ್ಟಾಪಿನಲ್ಲಿ ನಿಂತಿರುತ್ತಾರೆ.

ರಸ್ತೆಗಳಿಗೂ ಚಾತುರ್ವರ್ಣ್ಯ ಇದೆ. 1943ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರುಗಳು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಗ್ರಾಮ ಎಂದು ವಿಂಗಡಿಸಿದರು. ಪ್ರಾಂತೀಯವೇ ಮುಂದೆ ರಾಜ್ಯ ಹೆದ್ದಾರಿಯಾಯಿತು. ರಸ್ತೆಗಳ ಅಳತೆ-ನಿಯಮ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದ ಪ್ರಕಾರ ಬಯಲುಸೀಮೆಯ ರಾಜ್ಯ ಹೆದ್ದಾರಿಗೆ 45 ಮೀಟರ್ ಜಾಗ, ಎರಡು ಲೇನಿನ ಡಾಂಬರು 7 ಮೀಟರ್, ರಸ್ತೆಯ ನಡುವಿನಿಂದ 40 ಮೀಟರ್ ಒಳಗೆ ಕಟ್ಟಡ ಏಳಬಾರದು. ಆ 45 ಮೀಟರಿನಲ್ಲಿ ಈಗ ಗೂಡಂಗಡಿ, ಪಂಚರ್ ಶಾಪು, ಅಶ್ವತ್ಥಕಟ್ಟೆ, ಶಾಸಕರ ಅನುದಾನದ ಬಸ್ ತಂಗುದಾಣ ಎಲ್ಲವೂ ಸುಖವಾಗಿವೆ. ಉಳಿದ ಡಾಂಬರಿನ ಮೇಲೆ ಸುಗ್ಗಿಯಲ್ಲಿ ಹುರುಳಿ ಹಾಸುತ್ತಾರೆ. ಕಣ ಮಾಡುವ ಖರ್ಚಿಲ್ಲ, ಒಕ್ಕಣೆಗೆ ಸಾರಿಗೆ ಬಸ್ಸೇ ಸಾಕು. ರಾಜ್ಯ ಹೆದ್ದಾರಿಯಿಂದ ರೈತನಿಗೆ ನೇರವಾಗಿ ಸಿಕ್ಕ ಸೌಲಭ್ಯ ಅದೊಂದೇ ಇರಬೇಕು.

ಬಡ್ತಿಯ ಸುದ್ದಿಗೆ ಬರೋಣ. ಮೊದಲು ಸಿಗುವುದು ‘ತಾತ್ವಿಕ ಒಪ್ಪಿಗೆ’. ಅಂದೇ ಫ್ಲೆಕ್ಸ್, ಹಾರ, ಪಟಾಕಿ. ಆಮೇಲೆ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಆಗಬೇಕು, ಗೆಜೆಟ್‌ನಲ್ಲಿ ಅಧಿಸೂಚನೆ ಬರಬೇಕು, ರಸ್ತೆ ಹಸ್ತಾಂತರವಾಗಬೇಕು. ಅಲ್ಲಿಯವರೆಗೆ ರಸ್ತೆ ತ್ರಿಶಂಕು. ರಾಜ್ಯದವರನ್ನು ಕೇಳಿದರೆ ‘ಅದು ಇನ್ನು ನಮ್ಮದಲ್ಲವಲ್ಲ’ ಎನ್ನುತ್ತಾರೆ. ಕೇಂದ್ರದವರು ‘ಅದು ಇನ್ನೂ ನಮ್ಮದಾಗಿಲ್ಲವಲ್ಲ’ ಎನ್ನುತ್ತಾರೆ. ಎರಡೂ ಉತ್ತರ ವ್ಯಾಕರಣಶುದ್ಧ. ಗುಂಡಿ ಮಾತ್ರ ತಾತ್ವಿಕವಲ್ಲ.

ಗುಂಡಿ ಮುಚ್ಚುವುದೂ ಒಂದು ವಿದ್ಯೆ. ಸುತ್ತ ಗಟ್ಟಿ ಡಾಂಬರು ಸಿಗುವವರೆಗೆ ಚೌಕಾಕಾರವಾಗಿ ಕತ್ತರಿಸಬೇಕು, ಅಂಚು ಗೋಡೆಯ ಹಾಗೆ ನೆಟ್ಟಗಿರಬೇಕು. ಸಡಿಲ ಜಲ್ಲಿ, ಧೂಳು, ನೀರು ಎಲ್ಲ ತೆಗೆದು ತಳಕ್ಕೂ ಅಂಚಿಗೂ ಎಮಲ್ಷನ್, ಅಂದರೆ ನೀರಿನಲ್ಲಿ ಕದಡಿದ ಡಾಂಬರು, ಬಳಿಯಬೇಕು. ಬಳಿದಾಗ ಕಂದು ಬಣ್ಣ. ನೀರು ಬಿಟ್ಟು ಕಪ್ಪಾಗುವವರೆಗೆ ಕಾಯಬೇಕು. ಆಮೇಲೆ ಬಿಸಿ ಮಿಶ್ರಣ ತುಂಬಿ ಅಂಚಿನಿಂದ ನಡುವಿಗೆ ರೋಲರ್ ಹೊಡೆಯಬೇಕು. ಇದರಲ್ಲಿ ನಮ್ಮವರು ತಪ್ಪದೆ ಪಾಲಿಸುವುದು ಕಾಯುವುದನ್ನು.

ಮಂತ್ರಿಗಳ ಪ್ರವಾಸ ಗೊತ್ತಾದರೆ ಆ ಕಾಯುವಿಕೆಗೂ ಬಿಡುವು. ಟ್ರ್ಯಾಕ್ಟರ್‌ನಲ್ಲಿ ಕೆಂಪು ಮಣ್ಣು ಬರುತ್ತದೆ, ಲಾರಿಯ ಚಕ್ರವೇ ರೋಲರ್ ಆಗುತ್ತದೆ. ಮೊದಲ ಮಳೆಗೆ ಮಣ್ಣು ಹೊಲ ಸೇರಿ, ಅದರೊಳಗಿದ್ದ ಜಲ್ಲಿ ಬೈಕಿನವರಿಗಾಗಿ ತಿರುವಿನಲ್ಲಿ ಕಾಯುತ್ತದೆ. ಡಾಂಬರನ್ನೇ ಹಾಕಿದರೂ ಅಂಚು ಕತ್ತರಿಸದೆ ಸುರಿದಿದ್ದರೆ ತೇಪೆ ಬದಿಯಲ್ಲಿ ಹಪ್ಪಳದಷ್ಟು ತೆಳ್ಳಗಾಗಿ ಮುರಿಯುತ್ತದೆ. ಆ ಸಂದಿನಲ್ಲಿ ನೀರು ಇಳಿಯುತ್ತದೆ, ಒಂದೊಂದು ಚಕ್ರ ಹಾಯ್ದಾಗಲೂ ನೀರು ಚಿಮ್ಮಿ ತಳದ ಸಣ್ಣ ಪುಡಿಯನ್ನು ಹೊತ್ತು ಮೇಲೆ ಬರುತ್ತದೆ. ಒಳಗೆ ಟೊಳ್ಳು. ತೇಪೆಯ ಪಕ್ಕದಲ್ಲೇ ಹೊಸ ಗುಂಡಿ ಹುಟ್ಟುವುದು ಹೀಗೆ. ಜನ ಅದನ್ನು ಭ್ರಷ್ಟಾಚಾರ ಎಂದು ಬೈಯುತ್ತಾರೆ. ಅರ್ಧ ಮಾತ್ರ ಸರಿ, ಇನ್ನರ್ಧ ಸೋಮಾರಿತನ.

ಬಡ್ತಿ ನಿಜವಾಗಿಯೂ ಸಿಕ್ಕ ರಸ್ತೆಗಳೂ ಇವೆ. ಬೆಂಗಳೂರು–ಮೈಸೂರು ದಾರಿ ಒಂದು ಕಾಲಕ್ಕೆ ರಾಜ್ಯ ಹೆದ್ದಾರಿ 17, ಈಗ ರಾಷ್ಟ್ರೀಯ ಹೆದ್ದಾರಿ 275. ಮೊದಲೇ ರಾಷ್ಟ್ರೀಯವಾಗಿದ್ದವುಗಳ ಪಾಡು ಇನ್ನೊಂದು ಬಗೆ. 2010ರಲ್ಲಿ ದೇಶದ ನಂಬರುಗಳನ್ನೆಲ್ಲ ಕಲಸಿದಾಗ, ಬೆಂಗಳೂರಿನಿಂದ ಮಂಗಳೂರಿಗೆ ಹೋಗುತ್ತಿದ್ದ 48ನೇ ನಂಬರು ಪುಣೆ ದಾರಿಗೆ ಹೋಯಿತು, ಮಂಗಳೂರಿಗೆ 75 ಬಂತು. ಪುಣೆ ದಾರಿಯ ಹೋಟೆಲುಗಳಲ್ಲಿ ಇಂದಿಗೂ ಹಳೆಯ ‘ಎನ್.ಎಚ್. 4’ ಬೋರ್ಡು. ಹೊಸ ನಂಬರು ಗೂಗಲ್‌ಗೆ ಗೊತ್ತು, ಡ್ರೈವರಿಗೆ ಬೇಕಿಲ್ಲ.

ಬಡ್ತಿಗಿಂತ ಹಿಂಬಡ್ತಿಯ ಕತೆ ರುಚಿ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಎಂದಿತು. ಮುಂದೆ 20,000ಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಅದನ್ನು 220ಕ್ಕೆ ಇಳಿಸಿತು. ಅಂಗಡಿ ಸರಿಸುವುದು ಕಷ್ಟ, ಹೆದ್ದಾರಿಯ ಹೆಸರು ತೆಗೆಯುವುದು ಸುಲಭ. ಚಂಡೀಗಢದಲ್ಲಿ ಹೆದ್ದಾರಿಗಳು ಜಿಲ್ಲಾ ಮುಖ್ಯ ರಸ್ತೆಗಳಾದವು, ಹಲವು ರಾಜ್ಯಗಳು ಅದೇ ಹಾದಿ ಹಿಡಿದವು. ಹೆಚ್ಚು ಗುಂಡಿ ಬಿದ್ದರೂ ಒಂದು ರಸ್ತೆಗೆ ಹಿಂಬಡ್ತಿ ಸಿಕ್ಕಿರಲಿಲ್ಲ, ಬಾರ್‌ಗಾಗಿ ಸಿಕ್ಕಿತು. ಕುಡುಕರಿಂದ ರಸ್ತೆಯನ್ನು ಕಾಪಾಡಿ ಎಂದರೆ, ರಸ್ತೆಯಿಂದ ಬಾರನ್ನು ಕಾಪಾಡಿದರು. ಕೇರಳದ ಉತ್ತರ ಪರವೂರಿನ ಒಂದು ಬಾರಿನವರು ಇನ್ನೂ ಜಾಣರು. ಅಳೆಯುವುದು ನಡೆದು ಹೋಗುವ ದೂರವನ್ನು ತಾನೆ ಎಂದು, ಮುಂದಿನ ಜಾಗದಲ್ಲಿ ಸುತ್ತುಬಳಸಿನ ಓಣಿ ಕಟ್ಟಿ ದಾರಿಯನ್ನೇ ಹಿಗ್ಗಿಸಿದರು. ಒಳಗೆ ಹೋಗುವಾಗ ಚಕ್ರವ್ಯೂಹ ಭೇದಿಸಬಹುದು. ಹೊರಗೆ ಬರುವಾಗಿನ ಪಾಡು ಅಭಿಮನ್ಯುವಿಗೇ ಗೊತ್ತು.

ಇಷ್ಟೆಲ್ಲ ಬಣ್ಣ ಬಳಿಯುವವರಿಗೆ ಹಂಪ್ ಕಂಡರೆ ಮಾತ್ರ ಬಣ್ಣ ಮುಗಿದಿರುತ್ತದೆ. 1988ರ ನಿಯಮದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಕಪ್ಪು ಬಿಳುಪು ಪಟ್ಟೆ, 40 ಮೀಟರ್ ಮೊದಲೇ ಫಲಕ. ನಮ್ಮದು ಉಳಿದ ಡಾಂಬರಿನಲ್ಲಿ ರಾತ್ರೋರಾತ್ರಿ ಎದ್ದ ಸಮಾಧಿ. ಗರ್ಭಿಣಿಯನ್ನು ಕೂರಿಸಿಕೊಂಡ ಆಟೊದವನು ಅದನ್ನು ಓರೆಯಾಗಿ ಹತ್ತಿಸುವುದನ್ನು ನೋಡಬೇಕು.

ಇನ್ನು ಆ ಟೋಪಿಯ ಕಲ್ಲು. ಹಳೆ ಪದರ ಕೆರೆಯದೆ ಅದರ ಮೇಲೇ 25, 30, 40 ಮಿಲಿಮೀಟರ್ ಎಂದು ಡಾಂಬರು ಹಾಕುತ್ತ ಹೋದಂತೆ ರಸ್ತೆ ಏರುತ್ತದೆ. ಪಕ್ಕದ ಮನೆಗಳ ಹೊಸ್ತಿಲು ತಗ್ಗಾಗಿ ಮಳೆನೀರು ಒಳಗೆ ನುಗ್ಗುತ್ತದೆ. ರಸ್ತೆಯ ಮಟ್ಟಕ್ಕೆ ಸರಿಯಾಗಿ ಬದಿಗೂ ಮಣ್ಣು ಏರಿಸುತ್ತಾರೆ, ಕಲ್ಲು ಅಲ್ಲೇ ಕುಳ್ಳಾಗುತ್ತದೆ. ಊರಿನ ಹೆಸರೂ ದೂರದ ಅಂಕಿಯೂ ನೆಲದೊಳಗೆ ಸೇರಿದ ಕಲ್ಲುಗಳಿವೆ. ಹೊರಗೆ ಉಳಿದಿರುವುದು ಟೋಪಿ ಒಂದೇ. ಅದಕ್ಕೆ ಪ್ರತಿವರ್ಷ ಬಣ್ಣದ ಬಿಲ್ಲು ಆಗುತ್ತದೆ.